ಹಳದಿಗೆ ತಿರುಗಿದ ಪಟ್ಟಿ

ನಾನು ಒಂದು ಕೈರೋಲರು. ಅಚ್ಚಾದ ಕಾಗದದ ಮೇಲೆ ಬಣ್ಣ ಉರುಳಿಸುವುದು ನನ್ನ ಕೆಲಸ. ನನ್ನನ್ನು ಕಾಣದವರಿಗೆ ಹೇಳುವುದಾದರೆ, ಅಡುಗೆಮನೆಯ ಲಟ್ಟಣಿಗೆಗಿಂತ ಗಿಡ್ಡ, ಅದಕ್ಕಿಂತ ದಪ್ಪ. ನನ್ನ ಎರಡೂ ತುದಿಗಳನ್ನು ಒಂದು ಕಬ್ಬಿಣದ ಕಮಾನು ಹಿಡಿದುಕೊಂಡಿದೆ. ಕಮಾನಿನ ನೆತ್ತಿಯ ಮೇಲೆ ಮತ್ತಿಮರದ ಹಿಡಿ ಇದೆ.

ಗದುಗಿನ ಅಸುಂಡಿ ಪ್ರೆಸ್ಸಿನ ಹಿತ್ತಲಲ್ಲಿ, ಮೂರು ಕಲ್ಲಿನ ಒಲೆಯ ಮೇಲೆ ನಾನು ಹುಟ್ಟಿದೆ. ಪ್ರೆಸ್ಸಿನ ಮಾಲೀಕ ಗುರುಸಿದ್ದಪ್ಪ ಅಸುಂಡಿ ಸರೇಸೆಂಬ ಮೂಳೆಯ ಅಂಟನ್ನು ನೀರಲ್ಲಿ ನೆನೆಹಾಕಿ, ಅದು ಉಬ್ಬಿದ ಮೇಲೆ ಬೆಲ್ಲ ಸೇರಿಸಿ ಹದವಾಗಿ ಕಾಯಿಸಿದ. ನಡುವೆ ಒಂದು ಕಟ್ಟಿಗೆಯ ದಿಂಡು ನಿಲ್ಲಿಸಿ, ಒಳಗೆ ಎಣ್ಣೆ ಸವರಿದ ಹಿತ್ತಾಳೆಯ ಕೊಳವೆಯಲ್ಲಿ ಆ ಪಾಕವನ್ನು ಹೊಯ್ದ. ಆರಿದ ಮೇಲೆ ನನ್ನನ್ನು ಹೊರಗೆಳೆದಾಗ ಕೂಸಿನ ಗಲ್ಲದ ಹಾಗೆ ಮೆತ್ತಗಿದ್ದೆನಂತೆ. ಮಳೆಗಾಲದಲ್ಲಿ ನಾನು ಉಬ್ಬಿ ಜಿಗಟಾಗುತ್ತಿದ್ದೆ, ಚಳಿಗೆ ಬಿರುಸಾಗುತ್ತಿದ್ದೆ. ಮೈ ಕೆಟ್ಟಾಗಲೆಲ್ಲ ಗುರುಸಿದ್ದಪ್ಪ ನನ್ನನ್ನು ಕರಗಿಸಿ ಮತ್ತೆ ಎರಕ ಹೊಯ್ಯುತ್ತಿದ್ದ. ಮುಂದೆ ಹುಬ್ಬಳ್ಳಿಗೆ ಕಳಿಸಿ ರಬ್ಬರಿನ ಹೊದಿಕೆ ಹಾಕಿಸಿದ. ಆಗಿನಿಂದ ಇದೇ ಮೈ.

ಮೊದಮೊದಲು ನನ್ನ ಪಾಲಿಗೆ ಬಂದದ್ದು ಪ್ರೂಫು ತೆಗೆಯುವ ಕೆಲಸ. ಜೋಡಿಸಿದ ಅಚ್ಚಿನ ಮೊಳೆಗಳ ಮೇಲೆ ಕರಿ ಶಾಯಿ ಹಚ್ಚಿ ಮೂಲೆಗೆ ಹೋಗಿ ಕೂರುವುದು. ಬಣ್ಣದ ಮುಖ ನಾನು ಕಂಡದ್ದು ಕಾಶವ್ವನ ಕೈಗೆ ಬಂದ ಮೇಲೆ.

ಕಾಶವ್ವ ಬೆಟಗೇರಿಯವಳು. ಗಂಡನಿಗೆ ಹತ್ತಿ ಜಿನ್ನಿನಲ್ಲಿ ಕೆಲಸ. ಅವಳು ಪ್ರೆಸ್ಸಿನಲ್ಲಿ ಕಾಗದ ಮಡಿಚಿ, ಹೊಲಿದು, ಪುಸ್ತಕ ಕಟ್ಟುವ ಹೆಂಗಸರ ಜೊತೆ ಕೂರುತ್ತಿದ್ದಳು. ಮಾತು ಮೆಲ್ಲಗೆ, ಕೈ ಚುರುಕು. ಆಗ ಮದುವೆಯ ಕಾರ್ಡಿಗೆ, ಅಂಗಡಿಯ ಲೇಬಲ್ಲಿಗೆ ಒಂದು ಬಣ್ಣದ ಪಟ್ಟಿ ಬೇಕೆನ್ನುವ ಹುಚ್ಚು ಊರಲ್ಲಿ ಹೊಸದಾಗಿ ಹಬ್ಬಿತ್ತು. ಕಾಲಿನಿಂದ ತುಳಿಯುವ ನಮ್ಮ ಟ್ರೆಡಲ್ ಮಷಿನ್ನು ಒಂದು ಸಲಕ್ಕೆ ಒಂದೇ ಬಣ್ಣ ಹೊಡೆಯುತ್ತಿತ್ತು. ಬೆರಳಗಲದ ಒಂದು ಪಟ್ಟಿಗಾಗಿ ಇಡೀ ಮಷಿನ್ನಿನ ಕರಿ ಶಾಯಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕೆಂಪು ಹಚ್ಚಿ, ಮತ್ತೆ ತೊಳೆಯಬೇಕು. ಮಷಿನ್ನಿನವನು ಗೊಣಗುತ್ತಿದ್ದ. ಪಟ್ಟಿಯನ್ನು ಕೈಯಲ್ಲೇ ಹಾಕಿಬಿಡೋಣ ಎಂದು ಗುರುಸಿದ್ದಪ್ಪ ನನ್ನನ್ನು ಹಿಡಿದು ಕುಳಿತ. ಕಾರ್ಡಿನ ಮೇಲೆ ಎರಡು ಕಾಗದ ಅಡ್ಡ ಇಟ್ಟು, ನಡುವಿನ ಸಂದಿಯ ಮೇಲೆ ನನ್ನನ್ನು ಹಿಂದಕ್ಕೂ ಮುಂದಕ್ಕೂ ಜೋರಾಗಿ ಉಜ್ಜಿದ. ಕಾಗದ ಎತ್ತಿ ನೋಡಿದರೆ ಶಾಯಿ ಅಡಿಗೆ ನುಗ್ಗಿ, ಪಟ್ಟಿಯ ಅಂಚು ಇಲಿ ಕಡಿದ ಹಾಗೆ ಕಾಣುತ್ತಿತ್ತು.

ಮಡಿಕೆ ಹಾಕುತ್ತಿದ್ದ ಕಾಶವ್ವ ಅತ್ತ ನೋಡಿ ಮುಖ ತಿರುಗಿಸಿ ನಕ್ಕಳು.

"ನಗ್ತಿ ಏನವ್ವಾ? ಬಾ, ನೀ ಹಾಕು ನೋಡೂಣು," ಎಂದ ಗುರುಸಿದ್ದಪ್ಪ, ಸಿಟ್ಟಿಲ್ಲದೆ.

ಅವಳಿಗೂ ಮೊದಲ ದಿನ ಬರಲಿಲ್ಲ, ಮರುದಿನವೂ ಬರಲಿಲ್ಲ. ಕೆಟ್ಟ ಕಾಗದಗಳ ರಾಶಿಯೇ ಬಿತ್ತು. ಕಾಗದದ ಅಡ್ಡವನ್ನು ಬಿಟ್ಟು ತೆಳ್ಳನೆಯ ಹಿತ್ತಾಳೆ ತಗಡಿನಲ್ಲಿ ಪಟ್ಟಿಯಷ್ಟೇ ಕಿಂಡಿ ಕೊರೆಸಿಕೊಂಡಳು. ಕಿಂಡಿಯ ಅಂಚನ್ನು ಅರದಿಂದ ತಿಕ್ಕಿಸಿ ನುಣುಪು ಮಾಡಿಸಿದಳು. ಹಲಗೆಯ ಮೇಲೆ ಮೊಳೆ ಬಡಿದು, ಪ್ರತಿ ಕಾಗದವೂ ಅದೇ ಜಾಗದಲ್ಲಿ ಕೂರುವ ಹಾಗೆ ಆಸರೆ ಮಾಡಿದಳು. ಆಮೇಲೆ ಕಲ್ಲಿನ ಮೇಲೆ ಶಾಯಿ ಹರಡುವುದನ್ನು ಕಲಿತಳು. ಶಾಯಿ ಹೆಚ್ಚಾದರೆ ನಾನು ಚಟಚಟ ಎನ್ನುತ್ತಿದ್ದೆ. ಹದಕ್ಕೆ ಬಂದಾಗ ರೇಶ್ಮೆ ಸೀರೆ ಸರಿದಂತೆ ಸಣ್ಣಗೆ ಸದ್ದು ಬರುತ್ತಿತ್ತು. ಆ ಸದ್ದು ಕೇಳಿದ ಮೇಲೆಯೇ ಅವಳು ನನ್ನನ್ನು ತಗಡಿನ ಮೇಲೆ ತರುತ್ತಿದ್ದಳು. ಮೇಲಿನಿಂದ ಕೆಳಕ್ಕೆ ಒಂದೇ ಸಲ, ಒತ್ತದೆ, ನನ್ನ ಭಾರಕ್ಕೇ ನನ್ನನ್ನು ಬಿಟ್ಟು ಉರುಳಿಸುತ್ತಿದ್ದಳು. ತಿರುಗಿ ಮೇಲಕ್ಕೆ ಒಯ್ಯುತ್ತಿರಲಿಲ್ಲ. ತಗಡನ್ನು ಸರಿಸದೆ ಒಂದು ಬದಿಯಿಂದ ಪೆಟ್ಟಿಗೆಯ ಮುಚ್ಚಳದ ಹಾಗೆ ಎತ್ತಿ, ಅದರ ಅಡಿಯನ್ನು ಅರಿವೆಯಿಂದ ಒರೆಸಿ, ಮುಂದಿನ ಕಾಗದಕ್ಕೆ ಕೈ ಹಾಕುತ್ತಿದ್ದಳು. ಪಟ್ಟಿ ಬಿದ್ದ ಕಾಗದಗಳನ್ನು ಒಂದರ ಮೇಲೊಂದು ಒಟ್ಟುತ್ತಿರಲಿಲ್ಲ. ಹಗ್ಗದ ಮೇಲೆ ಒಗೆದ ಅರಿವೆಯ ಹಾಗೆ ಸಾಲಾಗಿ ತೂಗುಹಾಕಿ ಒಣಗಿಸುತ್ತಿದ್ದಳು.

ಹೀಗೆ ಬಂದ ಪಟ್ಟಿಗೆ ಬ್ಲೇಡಿನಲ್ಲಿ ಕೊಯ್ದಂಥ ಅಂಚು. ಗುರುಸಿದ್ದಪ್ಪ ಕನ್ನಡಕ ಏರಿಸಿ ನೋಡಿ, "ಕಾಶವ್ವಾ, ಇನ್ನ ಹೊಲಿಯೂ ಕೆಲಸ ಬಿಡು. ನೀ ಇದನ್ನs ಮಾಡು," ಎಂದ. ಅವತ್ತಿನಿಂದ ನಾನು ಅವಳವನಾದೆ. ಸಂಜೆ ಮನೆಗೆ ಹೋಗುವ ಮುಂಚೆ ಅವಳೇ ನನ್ನನ್ನು ತೊಳೆದು, ಒರೆಸಿ, ಮೈ ಒತ್ತದಂತೆ ಮೊಳೆಗೆ ನೇತುಹಾಕುತ್ತಿದ್ದಳು. ತೊಳೆಯುವಾಗ ತನ್ನಷ್ಟಕ್ಕೆ ಮಾತಾಡಿಕೊಳ್ಳುವ ಅಭ್ಯಾಸ ಅವಳಿಗೆ. ನಾನು ಕಣ್ಣಾರೆ ಕಾಣದ ಸಂಗತಿಗಳೆಲ್ಲ ನನಗೆ ತಿಳಿದದ್ದು ಹಾಗೆ.

ಆಗ ಗದುಗಿನಲ್ಲಿ ಕಲ್ಲಯ್ಯ ಎಂಬ ವೈದ್ಯರ ಔಷಧಾಲಯವಿತ್ತು. ಅಲ್ಲಿ ಹೆಚ್ಚು ಖರ್ಚಾಗುತ್ತಿದ್ದವು ಎರಡು ಔಷಧ. ಒಂದು ಮೈಕೈ ನೋವಿಗೆ ಹಚ್ಚುವ ಎಣ್ಣೆ, ಇನ್ನೊಂದು ಕೆಮ್ಮಿಗೆ ಕುಡಿಯುವ ಕಷಾಯ. ಎರಡಕ್ಕೂ ಒಂದೇ ತೆರನ ಕಂದು ಸೀಸೆ, ಒಂದೇ ಅಳತೆಯ ಲೇಬಲ್ಲು. ಓದು ಬಾರದವರಿಗೂ ತಿಳಿಯಲಿ ಎಂದು ಕಲ್ಲಯ್ಯನವರು ಲೇಬಲ್ಲಿನ ಅಡಿಯಲ್ಲಿ ಒಂದು ಪಟ್ಟಿ ಹಾಕಿಸಿದರು. ಹಚ್ಚುವ ಎಣ್ಣೆಗೆ ಕೆಂಪು, ಕುಡಿಯುವ ಕಷಾಯಕ್ಕೆ ಹಸಿರು. ಲೇಬಲ್ಲು ಸೀಸೆಯ ಸುತ್ತ ಅಂಟಿಕೊಂಡಾಗ ಪಟ್ಟಿಯೂ ಬಳೆಯ ಹಾಗೆ ಸುತ್ತ ಬರುತ್ತಿತ್ತು. ಸೀಸೆಯನ್ನು ಎತ್ತ ತಿರುಗಿಸಿ ಇಟ್ಟರೂ ಬಣ್ಣ ಕಾಣುತ್ತಿತ್ತು.

ಬೆಟಗೇರಿಯಲ್ಲಿ ಕಾಶವ್ವನ ಮನೆಗೆ ಗೋಡೆ ಹಂಚಿಕೊಂಡ ಮನೆ ತಿಪ್ಪಣ್ಣನದು. ಅವನು ನೇಕಾರ. ಕೈಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು ಸೀರೆ ನೇಯುತ್ತಿದ್ದ. ಹೆಂಡತಿ ಸಾವಂತ್ರೆವ್ವ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿ ಕೊಡುತ್ತಿದ್ದಳು. ತಿಪ್ಪಣ್ಣನಿಗೆ ರಟ್ಟೆ ನೋವು ಇದ್ದದ್ದೇ, ನೂಲಿನ ಧೂಳಿಗೆ ಕೆಮ್ಮೂ ಇದ್ದದ್ದೇ. ಹಾಗಾಗಿ ಅವರ ಮನೆಯ ಗೂಡಿನಲ್ಲಿ ಎರಡು ಸೀಸೆಗಳೂ ಯಾವಾಗಲೂ ಇರುತ್ತಿದ್ದವು. ಸಾವಂತ್ರೆವ್ವನಿಗೆ ಅಕ್ಷರ ಬಾರದು. ಮೊದಲ ಸಲ ಸೀಸೆ ತಂದಾಗ ಅವಳು ಎರಡನ್ನೂ ಹಿಡಿದು ಕಾಶವ್ವನ ಬಾಗಿಲಿಗೇ ಬಂದಿದ್ದಳು.

"ಕೆಂಪು ಪಟ್ಟಿ ಇದ್ದದ್ದು ಹಚ್ಚೂದು, ಹಸರು ಪಟ್ಟಿ ಇದ್ದದ್ದು ಕುಡಿಯೂದು. ಇಷ್ಟು ನೆಪ್ಪಿಟ್ಕೊ ಸಾಕು," ಎಂದು ಕಾಶವ್ವ ಹೇಳಿಕೊಟ್ಟಳು. ಆಮೇಲೆ ಸುಮ್ಮನಿರಲಾರದೆ, "ಈ ಪಟ್ಟಿ ಹಾಕಿದಾಕಿ ನಾನs," ಎಂದೂ ಸೇರಿಸಿದಳು.

"ಅಯ್ಯ, ನಿನ್ನ ಕೈದಾ ಇದು? ಹಂಗಾರ ನನಗ ಅಂಜಿಕಿ ಇಲ್ಲ ಬಿಡು," ಎಂದಳು ಸಾವಂತ್ರೆವ್ವ.

ಆ ಮಾತನ್ನು ಕಾಶವ್ವ ಮರುದಿನ ನನ್ನನ್ನು ತೊಳೆಯುವಾಗ ಮತ್ತೆ ಮತ್ತೆ ಹೇಳಿಕೊಂಡು ನಕ್ಕಳು.

ವರುಷಗಳು ಹೀಗೇ ನಡೆದಿದ್ದರೆ ನನ್ನ ಕಥೆಯಲ್ಲಿ ಹೇಳುವಂಥದ್ದೇನೂ ಇರುತ್ತಿರಲಿಲ್ಲ. ಒಂದು ಮದುವೆ ಸುಗ್ಗಿಯಲ್ಲಿ ಕಾಶವ್ವನಿಗೆ ಹೊಸದೊಂದು ಹೊಳೆಯಿತು. ಶಾಯಿಕಲ್ಲಿನ ಎಡ ತುದಿಗೆ ಕೆಂಪು, ಬಲ ತುದಿಗೆ ಹಳದಿ ಇಟ್ಟು, ನನ್ನನ್ನು ಉರುಳಿಸುತ್ತಾ ಕೂದಲೆಳೆಯಷ್ಟು ಅತ್ತಿತ್ತ ಜಾರಿಸಿದಳು. ನನ್ನ ನಡುಮೈಯಲ್ಲಿ ಎರಡೂ ಬೆರೆತವು. ಆ ಪಟ್ಟಿಯನ್ನು ಕಾರ್ಡಿನ ಮೇಲೆ ಇಳಿಸಿದಾಗ ಎಡದಲ್ಲಿ ಕುಂಕುಮ, ಬಲದಲ್ಲಿ ಅರಿಷಿಣ, ನಡುವೆ ಹೊತ್ತು ಮುಳುಗುವ ಬಣ್ಣ. ಎಲ್ಲಿ ಕೆಂಪು ಮುಗಿದು ಎಲ್ಲಿ ಹಳದಿ ಶುರುವಾಯಿತೆಂದು ಬೆರಳಿಟ್ಟು ತೋರಿಸಲು ಬರುತ್ತಿರಲಿಲ್ಲ. ಕೆಲಸ ಮಾಡುತ್ತಿದ್ದವರೆಲ್ಲ ಬಿಟ್ಟು ಬಂದು ನೋಡಿದರು. ನಾನೂ ಅಂಥ ಬಣ್ಣವನ್ನು ಮೈಮೇಲೆ ಹೊತ್ತಿರಲಿಲ್ಲ.

ಆ ಕಾರ್ಡು ಊರೆಲ್ಲ ಮಾತಾಯಿತು. ಹುಬ್ಬಳ್ಳಿ, ಕೊಪ್ಪಳದಿಂದ ಜನ ಬಂದು "ಆ ಬೆರಕಿ ಬಣ್ಣದ ಪಟ್ಟಿ ನಮಗೂ ಹಾಕಿಕೊಡ್ರಿ" ಎಂದರು. ಗುರುಸಿದ್ದಪ್ಪ ಬಂದವರಿಗೆಲ್ಲ ಕಾಶವ್ವನನ್ನು ಕರೆದು ತೋರಿಸುತ್ತಿದ್ದ. ಕಲ್ಲಯ್ಯನವರೂ ಬಂದರು. ಅವರ ಕೈಯಲ್ಲಿ ಯಾರದೋ ಮದುವೆಯ ಕಾರ್ಡಿತ್ತು.

"ನಮ್ಮ ಲೇಬಲ್ ಭಾಳ ಬೋಳು ಕಾಣ್ತಾವ. ಅದಕ್ಕೂ ಹಿಂಗs ಹಾಕಾಕ ಬರತೈತೇನವಾ?" ಎಂದು ಕೇಳಿದರು.

"ಯಾಕ ಬರೂದಿಲ್ರೀ? ಎಣ್ಣಿದಕ್ಕ ಕೆಂಪು ಹಳದಿ, ಕಷಾಯದ್ದಕ್ಕ ಹಸರು ಹಳದಿ. ಎರಡೂ ಚಂದ ಕಾಣ್ತಾವ," ಎಂದಳು ಕಾಶವ್ವ. ಅವಳೇ ಹೇಳಿದಳು. ಯಾರೂ ಒತ್ತಾಯ ಮಾಡಲಿಲ್ಲ.

ಲೇಬಲ್ಲುಗಳು ಹಗ್ಗದ ಮೇಲೆ ಒಣಗುತ್ತಿದ್ದಾಗ ಪ್ರೆಸ್ಸಿನ ಗೋಡೆಗೆ ತೋರಣ ಕಟ್ಟಿದ ಹಾಗಿತ್ತು. ಚಪ್ಪಟೆ ಕಾಗದದ ಮೇಲೆ ಕೆಂಪು ಹಳದಿಯಾಗುವುದು, ಹಸಿರು ಹಳದಿಯಾಗುವುದು ಬೇರೆ ಬೇರೆಯಾಗಿ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಆದರೆ ಅವು ಚಪ್ಪಟೆಯಾಗಿ ಉಳಿಯುವ ಕಾಗದಗಳಲ್ಲ. ಸೀಸೆಗೆ ಸುತ್ತಿದ ಮೇಲೆ ಎಡದ ಬಣ್ಣ ಒಂದು ಮಗ್ಗುಲಿಗೆ, ಬಲದ ಹಳದಿ ಇನ್ನೊಂದು ಮಗ್ಗುಲಿಗೆ ಹೋಗುತ್ತಿತ್ತು. ಹಳದಿಯ ಮಗ್ಗುಲಿನಿಂದ ನೋಡಿದರೆ ಎರಡು ಸೀಸೆಗಳೂ ಒಂದೇ.

ಹೊಸ ಸೀಸೆಗಳು ಅಂಗಡಿಗೆ ಬಂದ ಕೆಲ ದಿನಕ್ಕೆ ಕಾಶವ್ವ ಒಂದಿಷ್ಟು ಸಾಸಿವೆ ಸಾಲ ಕೇಳಲು ಸಾವಂತ್ರೆವ್ವನ ಮನೆಗೆ ಹೋಗಿದ್ದಳು. ಗೂಡಿನಲ್ಲಿ ಎರಡು ಸೀಸೆಗಳು ಹಳದಿ ಮಗ್ಗುಲನ್ನು ಹೊರಗೆ ಮಾಡಿ ನಿಂತಿದ್ದವು. ತನ್ನ ಕೈಕೆಲಸವನ್ನು ಕಂಡು ಅವಳಿಗೆ ಹಿಗ್ಗಾಯಿತು. ಇದು ಎಣ್ಣೆಯೋ ಕಷಾಯವೋ ಎಂದು ಒಂದನ್ನು ಎತ್ತಿ ತಿರುಗಿಸಿ ನೋಡಿದಳು. ಎಣ್ಣೆಯಾಗಿತ್ತು. ಹಾಗೇ ಇಟ್ಟು, ಸಾಸಿವೆ ಇಸಿದುಕೊಂಡು ಬಂದಳು.

ಪಟ್ಟಿ ಹಾಕಿದವಳೇ ತಿರುಗಿಸಿ ನೋಡಬೇಕಾಯಿತು ಎಂಬುದು ಆಗ ಅವಳ ಮನಸ್ಸಿಗೆ ತಾಕಲಿಲ್ಲ.

ಚಳಿಗಾಲದ ಒಂದು ಮಧ್ಯಾಹ್ನ ತಿಪ್ಪಣ್ಣನಿಗೆ ಜೋರು ನೆಗಡಿ, ಕೆಮ್ಮು. ಮೂಗು ಕಟ್ಟಿ ಬಾಯಲ್ಲಿ ಉಸಿರಾಡುತ್ತಿದ್ದ. ಸಾವಂತ್ರೆವ್ವ ಕಂಡಿಕೆ ಸುತ್ತುವುದನ್ನು ಬಿಟ್ಟು ಎದ್ದು, ಗೂಡಿಗೆ ಕೈ ಹಾಕಿ, ಮುಂದಿದ್ದ ಸೀಸೆಯ ಮೇಲೆ ಕೆಂಪು ಕಾಣದ್ದರಿಂದ ಅದೇ ಕಷಾಯವೆಂದು ಔಷಧ ಬಗ್ಗಿಸಿದಳು. ಕಷಾಯವೂ ಎಣ್ಣೆಯ ಹಾಗೆ ಮಂದವೇ, ಕಹಿಯೇ, ಕರ್ಪೂರದ ಘಾಟಿನದೇ. ಅವನು ಕಣ್ಣು ಮುಚ್ಚಿ ಗಟಕ್ಕನೆ ನುಂಗಿದ. ಸಾಲದು ಎಂದು ಇನ್ನೊಂದು ಚಮಚ ಕುಡಿಸಿದಳು. ಅವನ ಮುಖ ಬೆವರಿ, ವಾಂತಿ ಶುರುವಾಗಿ, ಉಸಿರು ಏರತೊಡಗಿದಾಗಲೇ ಅವಳು ಸೀಸೆಯನ್ನು ತಿರುಗಿಸಿ ನೋಡಿದ್ದು. ಆ ಮಗ್ಗುಲಲ್ಲಿ ಕೆಂಪು ಇತ್ತು.

ಟಾಂಗಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ತಿಪ್ಪಣ್ಣ ಉಳಿದ. ಉಳಿದರೂ ಅವನ ಕಿವಿಯಲ್ಲಿ ಮೊದಲು ಗುಂಯ್‌ಗುಡುವ ಸದ್ದು ಹೊಕ್ಕಿತು, ಆಮೇಲೆ ಆ ಸದ್ದಿನ ಹೊರತು ಏನೂ ಉಳಿಯಲಿಲ್ಲ. ಎಣ್ಣೆಯಲ್ಲಿದ್ದ ಯಾವುದೋ ದ್ರವ್ಯ ಕಿವಿಯ ನರಕ್ಕೆ ಪೆಟ್ಟು ಕೊಟ್ಟಿದೆ ಎಂದರು ಡಾಕ್ಟರು. ಅವನು ಮನೆಗೆ ಬಂದು ಮಗ್ಗಕ್ಕೆ ಕುಳಿತಾಗ ಲಾಳಿ ಓಡುವ ಸದ್ದು ಕೇಳಿಸಲಿಲ್ಲ. ನೂಲು ಹರಿದಾಗ ಮಗ್ಗದ ಸದ್ದು ಬದಲಾಗುತ್ತದೆ, ಅದೂ ಕೇಳಿಸಲಿಲ್ಲ. ಗೇಣುದ್ದ ಬಟ್ಟೆ ಕೆಟ್ಟ ಮೇಲೆ ಕಣ್ಣಿಗೆ ಬಿತ್ತು. ಅವನು ಲಾಳಿಯನ್ನು ನೆಲಕ್ಕೆ ಒಗೆದು ಹೆಂಡತಿಯ ಕಡೆ ತಿರುಗಿದ. ತನ್ನ ದನಿ ತನಗೇ ಕೇಳದವನ ಮಾತು ಓಣಿಗೆಲ್ಲ ಕೇಳಿಸಿತು.

"ಕೈಯಾರೆ ವಿಷ ಕುಡಿಸಿದೆಲ್ಲs ನೀ!"

ಗೋಡೆಯ ಈಚೆ ಒಲೆಯ ಮುಂದಿದ್ದ ಕಾಶವ್ವನಿಗೂ ಅದು ಕೇಳಿಸಿತು.

ಮರುದಿನ ಅವಳು ಪ್ರೆಸ್ಸಿಗೆ ಬಂದವಳೇ ಹಗ್ಗದ ಮೇಲಿದ್ದ ಒಂದು ಲೇಬಲ್ಲನ್ನು ಇಳಿಸಿ, ಅಲ್ಲಿದ್ದ ಶಾಯಿಯ ಡಬ್ಬಿಗೆ ಸುತ್ತಿ, ಕೈಯಲ್ಲಿ ತಿರುಗಿಸಿ ನೋಡಿದಳು. ಕೆಂಪು, ಕೇಸರಿ, ಹಳದಿ. ಹಸಿರಿನದನ್ನೂ ಸುತ್ತಿ ನೋಡಿದಳು. ಹಸಿರು, ಎಳೆ ಹಸಿರು, ಹಳದಿ. ಆಮೇಲೆ ಡಬ್ಬಿಯನ್ನು ಗುರುಸಿದ್ದಪ್ಪನ ಮೇಜಿನ ಮೇಲೆ ಇಟ್ಟಳು.

ಗುರುಸಿದ್ದಪ್ಪ ಡಬ್ಬಿಯನ್ನು ಸುತ್ತ ತಿರುಗಿಸಿ ನೋಡಿದ. "ಕಲ್ಲಯ್ಯನವರಿಗೆ ಹೇಳಿ ಇವನ್ನೆಲ್ಲಾ ತಗಸ್ತೀನಿ. ಮೊದಲಿನಂಗs ಹಾಕು. ನಿಂದೇನೈತಿ ಇದ್ರಾಗ, ಅವರು ಕೇಳಿದ್ರು ನಾವು ಹಾಕಿದ್ವಿ," ಎಂದ.

"ಸಾವಂತ್ರಿಗೆ ಹೇಳಬೇಕ್ರಿ," ಎಂದಳು ಅವಳು.

"ಈಗ ಬ್ಯಾಡವಾ. ಅವರ ಮನಿ ಉರಿಯಾಕ್ಹತ್ತೈತಿ. ಸ್ವಲ್ಪ ಆರಲಿ."

ಆ ಮಾತು ಅವಳಿಗೆ ಸಮಾಧಾನ ಕೊಟ್ಟಿತು. ಅದೇ ಕೆಟ್ಟದ್ದಾಯಿತು. ಕಲ್ಲಯ್ಯನವರು ಹೊಸ ಲೇಬಲ್ಲುಗಳನ್ನೆಲ್ಲ ಕಿತ್ತುಹಾಕಿಸಿದರು. ಕಾಶವ್ವ ಪ್ರೆಸ್ಸಿನಲ್ಲಿ ಮತ್ತೆಂದೂ ಎರಡು ಬಣ್ಣಗಳನ್ನು ಒಂದೇ ಕಲ್ಲಿನ ಮೇಲೆ ಇಡಲಿಲ್ಲ. ಮದುವೆಯವರು ಬಂದು ಬೇಡಿಕೊಂಡರೂ, "ಅದು ನನಗೀಗ ಬರೂದಿಲ್ರೀ," ಎಂದು ಕೈ ಜೋಡಿಸುತ್ತಿದ್ದಳು. ನನ್ನ ಮೈ ಆಮೇಲೆ ಒಂದು ಸಲಕ್ಕೆ ಒಂದೇ ಬಣ್ಣ ಕಂಡಿತು.

ತಿಪ್ಪಣ್ಣನ ಮನೆಯಲ್ಲಿ ಮಗ್ಗ ನಿಂತಿತು. ಅವನು ನೇಕಾರರ ಸೊಸೈಟಿಯ ಅಂಗಡಿಯಲ್ಲಿ ಸೀರೆ ಮಡಿಚುವ ಕೆಲಸಕ್ಕೆ ಸೇರಿದ. ಹೆಂಡತಿಯ ಮೇಲೆ ಮತ್ತೆ ದನಿ ಎತ್ತಲಿಲ್ಲ. ಅವನು ಕೆಟ್ಟ ಮನುಷ್ಯನಲ್ಲ. ಆದರೆ ಸಾವಂತ್ರೆವ್ವ ಔಷಧದ ಸೀಸೆ ಮುಟ್ಟುವುದನ್ನು ಬಿಟ್ಟಳು. ತನಗೆ ಜ್ವರ ಬಂದರೂ, ಗಂಡನಿಗೆ ಬಂದರೂ, ಹೆರಿಗೆಗೆ ಬಂದ ಮಗಳಿಗೆ ಬಂದರೂ, ಸೀಸೆಯನ್ನು ಸೆರಗಿನಲ್ಲಿ ಹಿಡಿದು ಕಾಶವ್ವನ ಬಾಗಿಲಿಗೆ ಬರುತ್ತಿದ್ದಳು.

"ನೀ ಒಂದೀಟು ನೋಡಿ ಬಗ್ಗಿಸಿ ಕೊಡವಾ. ನನ್ನ ಕೈ ಮ್ಯಾಲೆ ನನಗ ಭರವಸಿ ಇಲ್ಲ."

ಕಾಶವ್ವ ಬಗ್ಗಿಸಿ ಕೊಡುತ್ತಿದ್ದಳು. ಆ ಹೊತ್ತಿನಲ್ಲೆಲ್ಲ ಹೇಳಬೇಕು ಎಂದುಕೊಳ್ಳುತ್ತಿದ್ದಳು. ಹೇಳಿದರೆ ತನ್ನನ್ನು ನಂಬಿ ಬಂದವಳು ತನ್ನ ಮುಖ ನೋಡದೆ ಹೋದಾಳು ಎಂಬ ಅಂಜಿಕೆ ಅಡ್ಡ ಬರುತ್ತಿತ್ತು. ಸಂಜೆ ನನ್ನನ್ನು ತೊಳೆಯುವಾಗ, "ಇವತ್ತೂ ಹೇಳಲಿಲ್ಲ," ಎಂದು ಗೊಣಗುವಳು.

ಒಮ್ಮೆ ಊರಲ್ಲಿ ಕಣ್ಣಿನ ತಪಾಸಣೆಯ ಶಿಬಿರ ನಡೆಯಿತು. ಸಾವಂತ್ರೆವ್ವ ಹೋಗಿ ಬಂದಳು. ಅವತ್ತು ಅವಳ ಮುಖ ಸಣ್ಣದಾಗಿತ್ತು.

"ಏನಂದ್ರವಾ?" ಎಂದು ಕಾಶವ್ವ ಕೇಳಿದಳು.

"ಕಣ್ಣು ಚಲೋ ಅದಾವಂತ. ಚಾಳೀಸು ಸೈತ ಬ್ಯಾಡಂತ," ಎಂದಳು ಸಾವಂತ್ರೆವ್ವ. ಆಮೇಲೆ, "ಇಷ್ಟ ದಿನ ಕಣ್ಣು ಮಂಜಾಗಿ ಹಂಗ ಆತು ಅಂತ ಮನಸಿಗೆ ಹೇಳ್ಕೊಂತಿದ್ದೆ. ಕಣ್ಣು ಚಲೋ ಇದ್ದು ಮಾಡೀನಿ ಅಂದ್ರ ನನ್ನ ಬುದ್ಧೀನs ಸುಮಾರೈತಿ," ಎಂದಳು.

ಕಾಶವ್ವ ಆಗಲೂ ಬಾಯಿ ಬಿಡಲಿಲ್ಲ. ಮರುದಿನ ಅವಳು ತಗಡನ್ನು ಓರೆಯಾಗಿ ಎತ್ತಿ ಎಷ್ಟೋ ಕಾರ್ಡು ಕೆಡಿಸಿದಳು. ಅವಳ ಕೈ ಹಾಗೆ ತಪ್ಪಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಕಾಲ ಸರಿಯಿತು. ಊರಿಗೆ ಆಫ್‌ಸೆಟ್ ಮಷಿನ್ನುಗಳು ಬಂದವು. ನಾಲ್ಕು ಬಣ್ಣವನ್ನು ಅವು ಒಟ್ಟಿಗೇ ಹೊಡೆದು ಹಾಕುತ್ತಿದ್ದವು. ಪಟ್ಟಿಯೇನು, ಹೂವು, ನವಿಲು, ದೇವರ ಮುಖ ಎಲ್ಲವೂ ಒಂದೇ ಏಟಿಗೆ. ಗುರುಸಿದ್ದಪ್ಪ ತೀರಿಕೊಂಡ ಮೇಲೆ ಮನೆಯವರು ಪ್ರೆಸ್ಸನ್ನು ಮುಚ್ಚಿ ಅಚ್ಚಿನ ಮೊಳೆಗಳನ್ನು ತೂಕಕ್ಕೆ ಹಾಕಿದರು. ಕಾಶವ್ವ ನನ್ನನ್ನೂ ಹಿತ್ತಾಳೆ ತಗಡನ್ನೂ ಕೇಳಿ ಇಸಿದುಕೊಂಡಳು. ಮನೆಗೆ ತಂದು ಹಳೆಯ ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟಳು. ಅವಳು ತನ್ನಷ್ಟಕ್ಕೆ ಆಡಿಕೊಳ್ಳುವ ಮಾತು ನನಗೆ ಅಲ್ಲಿಗೂ ಕೇಳುತ್ತಿತ್ತು. ಅಷ್ಟರಲ್ಲಿ ಅವಳ ಗಂಡನೂ ಇರಲಿಲ್ಲ. ತಲೆಗೂದಲು ಪೂರ್ತಿ ನೆರೆತಿತ್ತು.

ಸಾವಂತ್ರೆವ್ವ ಹಾಸಿಗೆ ಹಿಡಿದಾಗ ಹೊತ್ತು ಹೊತ್ತಿಗೆ ಔಷಧ ಕೊಡುವವಳು ಕಾಶವ್ವನೇ. ಮಗಳು ಕೊಡಲು ಬಂದರೆ ಸಾವಂತ್ರೆವ್ವ ತುಟಿ ಬಿಗಿಯುತ್ತಿದ್ದಳು. "ಕಾಶವ್ವ ನೋಡ್ಯಾಳೇನು?" ಎಂದು ಕೇಳಿ, ಹೌದೆಂದ ಮೇಲೆ ಬಾಯಿ ತೆರೆಯುತ್ತಿದ್ದಳು. ಒಂದು ಬೆಳಿಗ್ಗೆ ಮನೆಯಲ್ಲಿ ಯಾರೂ ಇಲ್ಲದಾಗ ಕಾಶವ್ವ ಮನಸ್ಸು ಗಟ್ಟಿ ಮಾಡಿಕೊಂಡು ಹಾಸಿಗೆಯ ಬಗಲಿಗೆ ಕುಳಿತಳು.

"ಸಾವಂತ್ರಿ, ಆವತ್ತಿನ ಆ ಸೀಸೇದು..."

"ಬ್ಯಾಡವಾ," ಎಂದು ಸಾವಂತ್ರೆವ್ವ ಅವಳ ಕೈ ಹಿಡಿದಳು. "ಅದನ್ನ ಎತ್ತಬ್ಯಾಡ. ಆ ಮಾತು ಬಂದ್ರ ನನಗ ಉಸರು ಕಟ್ತೈತಿ."

ಕಾಶವ್ವ ಔಷಧದ ಸೀಸೆಗೆ ಮುಚ್ಚಳ ಹಾಕಿದಳು. ತಡೆದದ್ದು ಸಾವಂತ್ರೆವ್ವ ಎಂದು ತನಗೆ ತಾನೇ ಹೇಳಿಕೊಂಡಳು. ಇನ್ನೊಂದು ಮಾತು, ಇನ್ನೊಂದೇ ಮಾತು ಆಡಿದ್ದರೆ ಆ ಉಸಿರು ಸಡಿಲಾಗುತ್ತಿತ್ತು ಎಂಬುದು ಅವಳಿಗೆ ಗೊತ್ತಿತ್ತು. ಬೇಡವೆಂದ ಮಾತನ್ನೇ ಆಸರೆ ಮಾಡಿಕೊಂಡು ಎದ್ದು ಬಂದಳು. ಆ ವಾರ ಮುಗಿಯುವುದರೊಳಗೆ ಸಾವಂತ್ರೆವ್ವ ಹೋದಳು.

ದಿನಕರ್ಮಗಳೆಲ್ಲ ಮುಗಿದು, ಬಂದ ನೆಂಟರು ತಿರುಗಿ ಹೋದ ಮೇಲೆ ಕಾಶವ್ವ ಅಟ್ಟದಿಂದ ನನ್ನನ್ನು ಇಳಿಸಿದಳು. ಎಲ್ಲಿಂದಲೋ ಒಂದಿಷ್ಟು ಕೆಂಪು ಶಾಯಿ, ಹಸಿರು ಶಾಯಿ, ಹಳದಿ ಶಾಯಿ ಹೊಂದಿಸಿಕೊಂಡಿದ್ದಳು. ಒಂದು ಹೆಂಚು, ಬಿಳಿ ಕಾಗದ, ಎರಡು ಖಾಲಿ ಸೀಸೆ. ಎಲ್ಲವನ್ನೂ ಬುಟ್ಟಿಯಲ್ಲಿಟ್ಟುಕೊಂಡು ಪಕ್ಕದ ಮನೆಗೆ ಹೋದಳು. ಹೊತ್ತೇರುವ ಬಿಸಿಲಿನಲ್ಲಿ ತಿಪ್ಪಣ್ಣ ಕಟ್ಟೆಯ ಮೇಲೆ ಕುಳಿತಿದ್ದ. ಕಿವಿ ಕೇಳದವನಿಗೆ ಹೇಳುವುದು ಹೇಗೆಂದು ಯೋಚಿಸಿ ಯೋಚಿಸಿ ಅವಳು ಈ ದಾರಿ ಕಂಡುಕೊಂಡಿದ್ದಳು.

ಅವಳು ಏನೂ ಮಾತಾಡದೆ ಅವನ ಮುಂದೆ ಕುಳಿತು ಹೆಂಚಿನ ಮೇಲೆ ಶಾಯಿ ಹಚ್ಚಿದಳು. ಎಡಕ್ಕೆ ಕೆಂಪು, ಬಲಕ್ಕೆ ಹಳದಿ. ನನ್ನ ರಬ್ಬರು ಬಿರುಸಾಗಿತ್ತು. ಆದರೂ ಹದ ಬಂದಾಗ ಆ ಸಣ್ಣ ಸದ್ದು ಬಂತು. ಅವಳು ತಗಡು ಇಟ್ಟು ಒಂದೇ ಸಲ ನನ್ನನ್ನು ಇಳಿಸಿದಳು. ನನ್ನನ್ನು ಒರೆಸಿ ಹಸಿರು ಹಳದಿಯದನ್ನೂ ಮಾಡಿದಳು. ಎರಡನ್ನೂ ಎರಡು ಸೀಸೆಗೆ ಸುತ್ತಿದಳು. ಬಣ್ಣದ ಮಗ್ಗುಲನ್ನು ಅವನಿಗೆ ತೋರಿಸಿ, ಮೆಲ್ಲಗೆ ಎರಡನ್ನೂ ತಿರುಗಿಸಿದಳು. ಅವನ ಮುಂದೆ ಎರಡು ಹಳದಿ ಸೀಸೆಗಳು ನಿಂತವು. ಕಾಶವ್ವ ನನ್ನನ್ನು ತೋರಿಸಿದಳು. ಆಮೇಲೆ ತನ್ನ ಎದೆಗೆ ಬೆರಳಿಟ್ಟು ತೋರಿಸಿದಳು.

ತಿಪ್ಪಣ್ಣನಿಗೆ ತಿಳಿಯಿತು. ಅವನು ಒಂದು ಸೀಸೆಯನ್ನು ಕೈಗೆ ತೆಗೆದುಕೊಂಡು ತಾನೇ ತಿರುಗಿಸಿದ. ಕೆಂಪು ಬಂತು, ಹೋಯಿತು. ಹಸಿ ಶಾಯಿ ಅವನ ಬೆರಳಿಗೆ ಹತ್ತಿತು. ಅವನು ಬೈಯುವನೆಂದು ಕಾಶವ್ವ ತಲೆ ತಗ್ಗಿಸಿ ಕಾದಳು.

"ಇದನ್ನ ಅಕಿ ಮುಂದ ತೋರಿಸಬೇಕಿತ್ತವಾ," ಎಂದ ಅವನು.

ಕಾಶವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅವನ ಕಣ್ಣು ಸೀಸೆಯ ಮೇಲೆಯೇ ಇತ್ತು. "ನಾ ಅಕಿಗೆ ಒಂದು ಮಾತು ಅಂದಿದ್ದೆ. ವಿಷ ಕುಡಿಸಿದಿ ಅಂತ. ಸಿಟ್ಟಿನಾಗ ಅಂದೆ. ಮುಂದ ಎಂದೂ ಅನ್ನಲಿಲ್ಲ. ಆದ್ರ ಅಂದದ್ದು ತಪ್ಪಾತು ಅಂತನೂ ಹೇಳಲಿಲ್ಲ. ಇಷ್ಟು ವರ್ಷದಾಗ ಅಕಿ ಅದನ್ನ ಮರತಿರಬೇಕು ಅಂದ್ಕೊಂಡಿದ್ದೆ." ತಲೆಯೆತ್ತಿ ಅವಳ ಮುಖವನ್ನೇ ನೋಡಿದ. "ಮರತಿದ್ಲಲ್ಲ?"

ಅವನು ಏನು ಕೇಳಬಯಸಿದ್ದನೆಂಬುದು ಅವಳಿಗೆ ಗೊತ್ತಿತ್ತು. ಹೌದೆಂದು ತಲೆಯಾಡಿಸಿದ್ದರೆ ಅವನಿಗೆ ಒಂದಿಷ್ಟು ನೆಮ್ಮದಿ ಸಿಗುತ್ತಿತ್ತು. ಆದರೆ ಸುಳ್ಳಿಗೆ ಸಮನಾದ ಮೌನವನ್ನು ಅವಳು ಬಹಳ ವರ್ಷ ಹೊತ್ತಿದ್ದಳು. ಇಲ್ಲ ಎಂದು ತಲೆ ಅಲ್ಲಾಡಿಸಿದಳು.

ಇಬ್ಬರ ಬಳಿಯೂ ಒಬ್ಬಳಿಗೇ ಹೇಳಬೇಕಾದ ಮಾತಿತ್ತು. ಸಾವಂತ್ರೆವ್ವನ ನೂಲು ಸುತ್ತುವ ರಾಟೆ ಒಳಗೆ ಗೋಡೆಗೆ ಒರಗಿ ನಿಂತಿತ್ತು.

ಏಳುವಾಗ ಕಾಶವ್ವ ಅಭ್ಯಾಸದಂತೆ ನನ್ನನ್ನು ತೊಳೆಯಲು ಎತ್ತಿಕೊಂಡಳು. ತಿಪ್ಪಣ್ಣ ಕೈ ಅಡ್ಡ ಮಾಡಿ, "ಇವು ಇಲ್ಲೇ ಇರಲಿ," ಎಂದ. ಹೀಗೆ ನಾನು ಮೂರನೆಯ ಕೈಗೆ ಬಂದೆ.

ಈಗ ನಾನು ಆ ಮನೆಯ ಕಿಟಕಿಯಲ್ಲಿದ್ದೇನೆ. ಮೈಮೇಲೆ ಕೊನೆಯ ಸಲದ ಹಸಿರು ಹಳದಿ ಒಣಗಿ ಗಟ್ಟಿಯಾಗಿ ಕೂತಿದೆ. ಇನ್ನು ನನ್ನಿಂದ ಯಾವ ಪಟ್ಟಿಯೂ ಬೀಳುವುದಿಲ್ಲ. ನಾನು ಊರಿನ ಎಷ್ಟೋ ಮದುವೆಗಳನ್ನು, ನಾಮಕರಣಗಳನ್ನು ಸಿಂಗರಿಸಿದ್ದೇನೆ. ಆ ಕಾಗದಗಳೆಲ್ಲ ಒಲೆಗೆ ಹೋಗಿರಬಹುದು, ಪೊಟ್ಟಣಗಳಾಗಿರಬಹುದು. ಅದರ ಬಗ್ಗೆ ನನಗೆ ಬೇಸರವಿಲ್ಲ. ನಮ್ಮ ಕೆಲಸವೇ ಅಂಥದ್ದು. ಕಾಶವ್ವ ನನ್ನ ಮುಂದೆ ಅಷ್ಟು ಸಲ ಆಡಿದ ಆ ಮಾತನ್ನು ಗೋಡೆಯ ಆಚೆಗೆ ಒಮ್ಮೆ ಆಡಿದ್ದರೆ ಎಂದು ಮಾತ್ರ ಅನ್ನಿಸುತ್ತದೆ. ನನಗೆ ಕೇಳುವುದಷ್ಟೇ ಗೊತ್ತಿತ್ತು.

ತಿಪ್ಪಣ್ಣ ಆ ಎರಡು ಸೀಸೆಗಳನ್ನು ನನ್ನ ಬಗಲಿಗೆ ಇಟ್ಟುಕೊಂಡಿದ್ದಾನೆ. ಮನೆಗೆ ಯಾರೇ ಬರಲಿ, ಅಳಿಯ, ಮೊಮ್ಮಕ್ಕಳು, ಸೊಸೈಟಿಯ ಹಳೆಯ ಗೆಳೆಯರು, ಅವರನ್ನು ಕರೆದು ಕೂರಿಸಿ ಸೀಸೆಗಳನ್ನು ಒಂದೊಂದಾಗಿ ತಿರುಗಿಸಿ ತೋರಿಸುತ್ತಾನೆ. "ನೋಡ್ರಿ, ಎರಡೂ ಒಂದs ಕಾಣ್ತಾವ. ಸಾವಂತ್ರಿದೇನೂ ತಪ್ಪಿದ್ದಿಲ್ಲ," ಎನ್ನುತ್ತಾನೆ, ಓಣಿಗೆ ಕೇಳುವ ಹಾಗೆ.

ಬಂದವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆ ಸಂಗತಿ ಯಾರಿಗೂ ನೆನಪಿಲ್ಲ.

"ಯಾವ ತಪ್ಪು?" ಎಂದು ಕೇಳುತ್ತಾರೆ.

ಅದು ಅವನಿಗೆ ಕೇಳಿಸುವುದಿಲ್ಲ. ಅವನು ಮತ್ತೊಮ್ಮೆ ಮೊದಲಿನಿಂದ ತಿರುಗಿಸಿ ತೋರಿಸುತ್ತಾನೆ.